ಹಳೆ ಬುಲೆಟ್ಟಿನ ಕ್ಯಾಮ್, ವಾಲ್ವ್ ಸ್ಪ್ರಿಂಗ್ ಮನೆಯಲ್ಲೇ ಬದಲಿಸಲು ಯಾವ ಟೂಲ್ ಬೇಕು? ಅನುಭವ ಹೇಳಿ

ಕೇಳಿದ್ದು, ಮೈಸೂರಿನಿಂದ:

ನಮಸ್ಕಾರ. ಅಪ್ಪನ 1986ರ ಬುಲೆಟ್ 350 ಈಗ ನನ್ನ ಪಾಲಿಗೆ ಬಂದಿದೆ. ಹಳೆಯ ಕಬ್ಬಿಣದ ಬ್ಯಾರೆಲ್ ಇಂಜಿನ್. ಎರಡೂ ಕ್ಯಾಮ್ (ವಾಲ್ವ್ ತೆರೆಯಿಸುವ ಉಬ್ಬಿನ ಚಕ್ರ) ಸವೆದಿವೆ. ಸ್ವಲ್ಪ ಜಾಸ್ತಿ ಲಿಫ್ಟ್ (ವಾಲ್ವ್ ಏಳುವ ಎತ್ತರ) ಇರುವ ಹೊಸ ಕ್ಯಾಮ್, ಜೊತೆಗೆ ವಾಲ್ವ್ ಸ್ಪ್ರಿಂಗ್ ತಂದಿಟ್ಟಿದ್ದೇನೆ. ಈ ಸಲ ನಾನೇ ಕೈ ಹಾಕಬೇಕು ಅಂತ ಆಸೆ. ಒಬ್ಬರು ದೊಡ್ಡ ಸಾಕೆಟ್ ಸೆಟ್ ತಗೊಳ್ಳಿ ಅಂತಾರೆ. ಇನ್ನೊಬ್ಬರು ಪುಲ್ಲರ್ (ಬಿಗಿಯಾದ ಗೇರು, ಪುಲ್ಲಿ ಎಳೆದು ತೆಗೆಯುವ ಟೂಲ್) ಇಲ್ಲದೆ ಮುಟ್ಟಲೇಬೇಡಿ ಅಂತಾರೆ. ನಾಲ್ಕೈದು ಸಾವಿರ ಖರ್ಚು ಮಾಡಬಹುದು. ಯಾವುದು ಕೊಳ್ಳಲಿ, ಯಾವುದು ಬಿಡಲಿ?

ಬೆಂಗಳೂರಿನಿಂದ:

ಸರ್, ಸಾಕೆಟ್ ಸೆಟ್ ಬಿಡಿ. ನಾನು ಅದೇ ತಪ್ಪು ಮಾಡಿದವನು. ಆ ಸೆಟ್ಟಿನಲ್ಲಿ ಇರುವುದೆಲ್ಲ ಎಂಎಂ ಸೈಜು. ನಿಮ್ಮ ಗಾಡಿಯಲ್ಲಿ ಬಹಳಷ್ಟು ನಟ್ಟು ಇಂಚಿನ ಲೆಕ್ಕದವು, ಬ್ರಿಟಿಷರ ಕಾಲದ ವಿಟ್ವರ್ತ್ ಅಳತೆ. ಉದಾಹರಣೆಗೆ ಕಾಲು ಇಂಚು ವಿಟ್ವರ್ತ್ ಪಾನಾದ ಬಾಯಿ ಸುಮಾರು 13.3 ಎಂಎಂ. 13ರ ಪಾನಾ ಒಳಗೆ ಹೋಗುವುದೇ ಇಲ್ಲ. 14ರದು ಹೋಗುತ್ತದೆ, ಆದರೆ ಜೋರು ಹಾಕಿದ ಕೂಡಲೇ ಜಾರಿ ನಟ್ಟಿನ ಮೂಲೆ ತಿಂದು ಹಾಕುತ್ತದೆ. ನನ್ನ ಗಾಡಿಯಲ್ಲಿ ಎರಡು ಹೆಡ್ ನಟ್ಟು ಹೀಗೇ ಗುಂಡಗಾದವು. ಕೊನೆಗೆ ಉಳಿ ಇಟ್ಟು ಬಿಡಿಸಬೇಕಾಯಿತು.

ಜೆಸಿ ರಸ್ತೆಯ ಸುತ್ತಮುತ್ತ ಹಳೆ ಟೂಲ್ ಇಟ್ಟವರ ಹತ್ತಿರ ಕೇಳಿ ನೋಡಿ. ಹಳೆಯ ರಿಂಗ್ ಪಾನಾ ಮೇಲೆ 'ಡಬ್ಲ್ಯೂ' (ವಿಟ್ವರ್ತ್) ಮತ್ತು 'ಬಿಎಸ್' (ಬ್ರಿಟಿಷ್ ಸ್ಟ್ಯಾಂಡರ್ಡ್) ಅಂತ ಎರಡು ಗುರುತು ಇರುತ್ತವೆ. ಕಾಲು ಡಬ್ಲ್ಯೂ, 5/16 ಬಿಎಸ್ ಎರಡೂ ಒಂದೇ ಬಾಯಿ, ಗಾಬರಿ ಬೇಡ. 3/16, 1/4, 5/16, 3/8 ಡಬ್ಲ್ಯೂ, ಈ ನಾಲ್ಕು ಸಿಕ್ಕರೆ ಮುಕ್ಕಾಲು ಕೆಲಸ ಆಗುತ್ತದೆ. ಆದರೆ ನಿಮ್ಮ ಗಾಡಿಯನ್ನು ಇಷ್ಟು ವರ್ಷದಲ್ಲಿ ಎಷ್ಟು ಜನ ಬಿಚ್ಚಿದ್ದಾರೋ, ಯಾವ ನಟ್ಟು ಹಾಕಿದ್ದಾರೋ ದೇವರಿಗೇ ಗೊತ್ತು. ಮೊದಲು ವರ್ನಿಯರ್ ಹಿಡಿದು ಒಂದೊಂದೇ ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ. ಪುಶ್ ರಾಡಿನ (ಕ್ಯಾಮಿನ ಚಲನೆ ವಾಲ್ವ್ ಕಡೆಗೆ ಒಯ್ಯುವ ಕಡ್ಡಿ) ಬುಡದಲ್ಲಿ ಟಾಪೆಟ್ (ಅದರ ಸಡಿಲ) ಅಡ್ಜಸ್ಟ್ ಮಾಡಲು ತೆಳ್ಳನೆಯ ಪಾನಾಗಳು ಬೇಕು. ಸಾಮಾನ್ಯ ಪಾನಾ ದಪ್ಪ ಜಾಸ್ತಿ, ಆ ಸಂದಿಗೆ ಹೋಗಲ್ಲ. ಗ್ರೈಂಡರಿಗೆ ಹಿಡಿದು ತೆಳ್ಳಗೆ ಮಾಡಿಕೊಂಡರೂ ಆಯಿತು.

ಹುಬ್ಬಳ್ಳಿಯಿಂದ:

ಸ್ಪ್ರಿಂಗ್ ಕಂಪ್ರೆಸರ್ (ವಾಲ್ವ್ ಸ್ಪ್ರಿಂಗ್ ಒತ್ತಿ ಹಿಡಿಯುವ ಟೂಲ್) ವಿಚಾರ ನಾನು ಹೇಳುತ್ತೇನೆ. ಈ ಗಾಡಿಯ ಹೆಡ್ ಬಿಚ್ಚುವುದು ಸುಲಭ. ಹೆಡ್ ಕೆಳಗಿಳಿಸಿ ಟೇಬಲ್ ಮೇಲೆ ಇಟ್ಟುಕೊಂಡೇ ಕೆಲಸ ಮಾಡಿ. ಸಿ ಆಕಾರದ ಕ್ಲಾಂಪ್ ಟೂಲ್ ಸಾಕು. ಕೊಳ್ಳುವ ಮುಂಚೆ ನೋಡಬೇಕಾದ್ದು ಒಂದೇ. ಸ್ಪ್ರಿಂಗಿನ ಮೇಲಿನ ಕ್ಯಾಪ್ ಮೇಲೆ ಕೂರುವ ತಲೆ ಸರಿಯಾದ ಅಳತೆಯದೇ? ಅಗಲವಾದರೆ ಜಾರುತ್ತದೆ, ಸಣ್ಣದಾದರೆ ಲಾಕ್ (ಕ್ಯಾಪನ್ನು ವಾಲ್ವ್ ಕಡ್ಡಿಗೆ ಹಿಡಿದಿಡುವ ಚಿಕ್ಕ ತುಂಡು) ತೆಗೆಯಲು ಜಾಗ ಸಿಗಲ್ಲ. ನಾನು ಹಳೆಯ ಜಿ ಕ್ಲಾಂಪಿಗೆ ಒಂದು ತುಂಡು ಕಬ್ಬಿಣದ ಪೈಪು ಇಟ್ಟೆ. ಲೇತ್ ಅಂಗಡಿಯವನು ಅದರ ಪಕ್ಕದಲ್ಲಿ ಕಿಟಕಿ ಥರ ಕತ್ತರಿಸಿಕೊಟ್ಟ. ಆರು ವರ್ಷದಿಂದ ಅದೇ ನಡೆಯುತ್ತಿದೆ. ಊರಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರ ಹತ್ತಿರವೂ ಇಂಥದ್ದು ಇರುತ್ತದೆ, ಒಂದು ದಿನಕ್ಕೆ ಕೇಳಿ ತನ್ನಿ.

ಕನ್ನಡಕ ಹಾಕಿಕೊಳ್ಳಿ. ಒಂದೊಂದು ವಾಲ್ವಿಗೆ ಒಳಗೊಂದು ಹೊರಗೊಂದು, ಎರಡು ಸ್ಪ್ರಿಂಗ್. ನನ್ನದೊಂದು ಲಾಕ್ ಹಾರಿ ಅಕ್ಕಿ ಡಬ್ಬಿಯ ಹಿಂದೆ ಬಿದ್ದಿತ್ತು. ಅಮ್ಮನಿಗೆ ಸಿಕ್ಕಿದ್ದು ಯುಗಾದಿಗೆ ಮನೆ ತೊಳೆದಾಗ! ಲಾಕ್ ಕೂರಿಸುವಾಗ ಸ್ವಲ್ಪ ಗ್ರೀಸ್ ಹಚ್ಚಿದರೆ ಅಂಟಿಕೊಂಡು ನಿಲ್ಲುತ್ತದೆ.

ಹ್ಯೂಸ್ಟನ್‌ನಿಂದ:

ನಂದು ಬೇರೆ ಲೋಕ, ಆದರೂ ಹೇಳ್ತೀನಿ. ಶೆವಿ ಸಿಲ್ವೆರಾಡೊ ಟ್ರಕ್ಕು, 5.3 ಲೀಟರ್ ವಿ8. ಹದಿನಾರು ವಾಲ್ವಿನ ಸ್ಪ್ರಿಂಗ್ ಬದಲಿಸಿದೆ, ಹೆಡ್ ಬಿಚ್ಚದೆ! ವಾಲ್ವ್ ಒಳಗೆ ಬೀಳದ ಹಾಗೆ ಕೆಲವರು ಪ್ಲಗ್ ತೂತಿನಿಂದ ಗಾಳಿ ತುಂಬುತ್ತಾರೆ. ಪಿಸ್ಟನ್ ಪೂರ್ತಿ ಮೇಲಿಲ್ಲದಿದ್ದರೆ ಆ ಗಾಳಿಯೇ ಕ್ರ್ಯಾಂಕನ್ನು (ಪಿಸ್ಟನ್ ತಿರುಗಿಸುವ ದಂಡ) ತಿರುಗಿಸಿಬಿಡುತ್ತದೆ. ನಾನು ನೈಲಾನ್ ಹಗ್ಗ ತುರುಕಿ, ತುದಿ ಹೊರಗೆ ಬಿಟ್ಟು, ಪಿಸ್ಟನ್ ಮೇಲೆ ತಂದು ಒತ್ತಿ ಹಿಡಿಸಿದೆ. ಕರೆಂಟೂ ಬೇಡ, ಗಾಳಿ ಕಂಪ್ರೆಸರೂ ಬೇಡ. ಕ್ರ್ಯಾಂಕ್ ಪುಲ್ಲಿ ತೆಗೆಯುವ ಮೂರು ಕಾಲಿನ ಪುಲ್ಲರ್ ಮಾತ್ರ ಬಿಡಿಭಾಗದ ಅಂಗಡಿಯಲ್ಲಿ ಡೆಪಾಸಿಟ್ ಇಟ್ಟು ತಂದೆ. ವಾಪಸ್ ಕೊಟ್ಟಾಗ ಪೂರ್ತಿ ಹಣ ಬಂತು. ಒಮ್ಮೆ ಬಳಸುವ ಟೂಲಿಗೆ ಇದೇ ದಾರಿ.

ಶಿವಮೊಗ್ಗದಿಂದ:

ಎಲ್ಲರೂ ಬಿಚ್ಚುವುದನ್ನೇ ಹೇಳುತ್ತಿದ್ದೀರಿ. ನಿಮ್ಮ ನಾಲ್ಕು ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಅಳೆಯುವುದಕ್ಕೆ ಇಡಿ ಅನ್ನುತ್ತೇನೆ ನಾನು. ಹಳೆ ಕ್ಯಾಮ್ ಜಾಗಕ್ಕೆ ಅದೇ ಥರದ ಕ್ಯಾಮ್ ಹಾಕುವುದಾದರೆ ಬೇಡ. ನೀವು ಲಿಫ್ಟ್ ಜಾಸ್ತಿ ಮಾಡುತ್ತಿದ್ದೀರಿ, ಅಲ್ವಾ? ಆಗ ಮೂರು ಕಡೆ ಸಂದಿ ಕಡಿಮೆಯಾಗುತ್ತದೆ. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಸುರುಳಿಗೆ ಸುರುಳಿ ತಾಗಬಾರದು. ಮೇಲಿನ ಕ್ಯಾಪ್ ಬಂದು ವಾಲ್ವ್ ಗೈಡಿಗೆ (ವಾಲ್ವ್ ಕಡ್ಡಿ ಜಾರುವ ಕೊಳವೆ) ತಾಗಬಾರದು. ವಾಲ್ವ್ ಪಿಸ್ಟನ್ನಿಗೆ ತಾಗಬಾರದು. ಮೊದಲ ಎರಡಕ್ಕೆ ಒಂದೂವರೆ ಎಂಎಂ ಉಳಿದರೆ ನಾನು ಒಪ್ಪುತ್ತೇನೆ. ಪಿಸ್ಟನ್ ಕಡೆ ಇನ್‌ಲೆಟ್ಟಿಗೆ 2, ಎಕ್ಸಾಸ್ಟಿಗೆ 2.5 ಎಂಎಂ ಬಿಡುತ್ತೇನೆ.

ಅಳೆಯಲು ಡಯಲ್ ಗೇಜ್ (ಸಣ್ಣ ಚಲನೆಯನ್ನು ಮುಳ್ಳಿನಿಂದ ತೋರಿಸುವ ಸಾಧನ) ಬೇಕು. ಮ್ಯಾಗ್ನೆಟ್ ಸ್ಟ್ಯಾಂಡ್ ತಂದು ನಾನು ಪೆಚ್ಚಾದೆ. ಹೆಡ್ಡೂ ಅಲ್ಯೂಮಿನಿಯಂ, ಕ್ರ್ಯಾಂಕ್‌ಕೇಸೂ ಅಲ್ಯೂಮಿನಿಯಂ, ಮ್ಯಾಗ್ನೆಟ್ ಹಿಡಿಯುವುದೆಲ್ಲಿ? ಒಂದು ಸ್ಟಡ್ಡಿಗೆ ಕಬ್ಬಿಣದ ಪಟ್ಟಿ ಬಿಗಿದು ಅದರ ಮೇಲೆ ಕೂರಿಸಿದೆ. ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ ಹುಡುಕಲು ಸ್ಕ್ರೂ ಡ್ರೈವರ್ ಇಳಿಬಿಡಬೇಡಿ. ಹಳೆ ಸ್ಪಾರ್ಕ್ ಪ್ಲಗ್ಗಿನ ಬಿಳಿ ಭಾಗ ಒಡೆದು ತೆಗೆದು, ಒಳಗೆ ಚೂಡಿ (ಥ್ರೆಡ್) ಕೊಯ್ಸಿ ಒಂದು ಬೋಲ್ಟ್ ಹಾಕಿಸಿ. ಇಂಜಿನ್ನನ್ನು ಕೈಯಲ್ಲಿ ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ, ಪಿಸ್ಟನ್ ಬೋಲ್ಟಿಗೆ ತಾಗಿದ ಎರಡೂ ಜಾಗದ ಡಿಗ್ರಿ ನೋಡಿ, ಸರಿ ಮಧ್ಯದಲ್ಲಿ ಗುರುತು ಮಾಡಿ. ಡಿಗ್ರಿ ಚಕ್ರಕ್ಕೆ (ಕ್ರ್ಯಾಂಕಿಗೆ ಕೂರಿಸಿ ಕೋನ ಓದುವ ಚಕ್ರ) ದುಡ್ಡು ಕೊಡಬೇಡಿ, ಪ್ರಿಂಟ್ ತೆಗೆದು ಹಳೆ ಸಿಡಿಗೆ ಅಂಟಿಸಿ.

ಪಿಸ್ಟನ್ ಸಂದಿ ನೋಡಲು ಮಕ್ಕಳ ಆಟದ ಜೇಡಿಮಣ್ಣು ಸಾಕು. ಪಿಸ್ಟನ್ ತಲೆಗೆ ಸ್ವಲ್ಪ ಅಂಟಿಸಿ, ಹೆಡ್ ಕೂರಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಬ್ಲೇಡಿನಿಂದ ಕೊಯ್ದು ತೆಳ್ಳಗಾದ ಜಾಗ ಅಳೆಯಿರಿ. ಈ ಪರೀಕ್ಷೆಗೆ ಗಟ್ಟಿ ಸ್ಪ್ರಿಂಗ್ ಬೇಡ, ಹಾರ್ಡ್‌ವೇರ್ ಅಂಗಡಿಯ ಮೆತ್ತನೆ ಸ್ಪ್ರಿಂಗ್ ಹಾಕಿ.

ಮೈಸೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಬುಲೆಟ್ಟಿಗೆ ಪುಲ್ಲರ್ ಬೇಕೋ ಬೇಡವೋ?

ಬೆಂಗಳೂರಿನಿಂದ:

ಬರೀ ಕ್ಯಾಮಿಗೆ ಬೇಡ ಸರ್. ಟೈಮಿಂಗ್ ಕವರ್ ತೆಗೆದು, ಗೇರುಗಳ ಗುರುತು ಒಂದಕ್ಕೊಂದು ಎದುರಾಗುವ ತನಕ ತಿರುಗಿಸಿ, ಫೋಟೊ ತೆಗೆದುಕೊಳ್ಳಿ. ಪುಶ್ ರಾಡ್ ಸಡಿಲ ಮಾಡಿದರೆ ಕ್ಯಾಮ್ ಕೈಯಲ್ಲೇ ಹೊರಗೆ ಬರುತ್ತದೆ. ಪುಲ್ಲರ್ ಬೇಕಾಗುವುದು ಕ್ರ್ಯಾಂಕಿನ ಪಿನಿಯನ್ (ಚಿಕ್ಕ ಗೇರು) ತೆಗೆಯುವಾಗ, ಅದನ್ನು ಮುಟ್ಟುವ ಕೆಲಸ ನಿಮಗಿಲ್ಲ. ಮುಟ್ಟಲೇಬೇಕಾದರೆ ಅದರ ನಟ್ಟು ಉಲ್ಟಾ ಚೂಡಿ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ನನ್ನ ಗಾಡಿಯದನ್ನು ಒಬ್ಬ ಮೆಕ್ಯಾನಿಕ್ ಎಡಕ್ಕೆ ತಿರುಗಿಸಿ, ಬರಲಿಲ್ಲ ಅಂತ ಸುತ್ತಿಗೆ ಎತ್ತಿದ್ದ. ಹೊಸದಕ್ಕೆ ಎರಡು ವಾರ ಅಲೆದೆ.

ಕವರ್ ಮುಚ್ಚುವ ಮುಂಚೆ ಒಳಗಿನ ಕಾರ್ಕ್ ಸೀಲ್ ಹೊಸದು ಹಾಕಿ. ಆಯಿಲ್ ಕ್ರ್ಯಾಂಕಿಗೆ ಹೋಗುವುದು ಅದರ ಮೂಲಕವೇ. ಬೆಲೆ ತೀರಾ ಕಡಿಮೆ, ಇವತ್ತೇ ಎರಡು ತಂದಿಡಿ. ಟಾಪೆಟ್ ಇಂಜಿನ್ ತಣ್ಣಗಿರುವಾಗ ಮಾಡಿ. ಪುಶ್ ರಾಡ್ ಬೆರಳಲ್ಲಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಅದಕ್ಕೆ ಫೀಲರ್ ಗೇಜೂ (ಸಂದಿ ಅಳೆಯುವ ತೆಳು ಪಟ್ಟಿ) ಬೇಡ.