ಪೋಸ್ಟ್‌ಗ್ರೆಸ್‌ನಿಂದ ಪಬ್‌ಸಬ್‌ಗೆ ಹೋಗೋವಾಗ ದಿನಾ ಎರಡ್ಮೂರು ಮೆಸೇಜ್ ಕಾಣೆ, ಎರರ್ ಎಲ್ಲೂ ಇಲ್ಲ

ಪಾಂಡವಪುರ_ಪೈಥಾನ್:
ನಮಸ್ಕಾರ ಕಣ್ರಪ್ಪ. ನಮ್ ಕಡೆ 11 ಡೈರಿಗೆ ಹಾಲಿನ ಲೆಕ್ಕದ ಸಾಫ್ಟ್‌ವೇರ್ ಮಾಡ್ಕೊಟ್ಟಿವ್ನಿ. ರೈತ್ರು ಹಾಲು ಹಾಕ್ದಾಗ ಲೀಟ್ರು, ಫ್ಯಾಟು, ಎಸ್‌ಎನ್‌ಎಫ್ಫು (ಕೊಬ್ಬು ಬುಟ್ಟು ಉಳ್ದ ಗಟ್ಟಿ ಅಂಶ) ಎಲ್ಲಾ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಯ್ತದೆ, ಅದೇ ಟ್ರಾನ್ಸಾಕ್ಷನ್ನಲ್ಲಿ (ಎಲ್ಲಾ ಒಟ್ಟಿಗೇ ಸೇವ್ ಆಗೋ ಕಂತಲ್ಲಿ) ಔಟ್‌ಬಾಕ್ಸ್ ಅನ್ನೋ ಟೇಬಲ್‌ಗೂ ಒಂದು ರೋ (ಸಾಲು) ಬೀಳ್ತದೆ. ಒಂದು ಪೈಥಾನ್ ಸ್ಕ್ರಿಪ್ಟು ಸೆಕೆಂಡಿಗೊಂದ್ಸಲ ಆ ಟೇಬಲ್ ನೋಡಿ, ಕೊನೇಲಿ ಕಳ್ಸಿದ್ ಐಡಿಗಿಂತ ದೊಡ್ಡ ಐಡಿ ಇರೋವನ್ನೆಲ್ಲಾ ಗೂಗಲ್ ಕ್ಲೌಡ್ ಪಬ್‌ಸಬ್ ಅನ್ನೋ ಮೆಸೇಜ್ ಸಾಗ್ಸೋ ಸರ್ವೀಸ್‌ಗೆ ತಳ್ತದೆ, ಅಲ್ಲಿಂದ ಪುಷ್ ಸಬ್‌ಸ್ಕ್ರಿಪ್ಷನ್‌ನಲ್ಲಿ (ಪಬ್‌ಸಬ್ಬೇ ನಮ್ ಎಸ್ಸೆಮ್ಮೆಸ್ ಪ್ರೋಗ್ರಾಂಗೆ ಕಳ್ಸೋದು) ರೈತ್ರಿಗೆ ಎಸ್ಸೆಮ್ಮೆಸ್ಸು.

ಸಂಜೆ ಏನೂ ತೊಂದ್ರೆ ಇಲ್ಲ. ಬೆಳಿಗ್ಗೆ ಆರೂವರೆಯಿಂದ ಏಳೂವರೆ ರಶ್‌ನಲ್ಲಿ ಮಾತ್ರ ಎರಡು, ಮೂರು ಮೆಸೇಜ್ ಹೋಗಾದೇ ಇಲ್ಲ. ಔಟ್‌ಬಾಕ್ಸಲ್ಲಿ ರೋ ಅದೆ, ಪಬ್‌ಸಬ್ ಕಡೆ ಸುಳಿವೇ ಇಲ್ಲ. ನಿನ್ನೆ ಒಬ್ರು ಅಜ್ಜಿ ಡೈರಿ ಸೆಕ್ರೆಟ್ರಿ ಮುಂದೆ ಫೋನ್ ಹಿಡ್ಕೊಂಡು "ನನ್ ಹಾಲ್ ಯಾರ ಹೆಸ್ರಿಗೆ ಬರ್ದೆ ಹೇಳು" ಅಂತ ಕೂತ್ಬುಟ್ರು. ಕಾಣೆ ಆಗೋದ್ರಲ್ಲಿ ಮುಕ್ಕಾಲು ಪಾಲು ಒಂದೇ ಊರಿಂದು, ಅಲ್ಲಿ ನೆಟ್ಟು ಎತ್ತಿನ ಗಾಡಿ. ನೆಟ್ಟೇ ನುಂಗಾಕ್ತಾ ಅದಾ?

ಮದ್ದೂರ್‌ವಡೆ:
ಪಬ್‌ಸಬ್‌ಗೆ ತಲುಪಿ ಆಕ್ (ಸಿಕ್ತು ಅನ್ನೋ ಉತ್ತರ) ಆಗ್ದೇ ಇದ್ರೆ 7 ದಿನ ಇಟ್ಕೊಂಡಿರ್ತದೆ ಗುರು, ಸುಮ್ನೆ ಬಿಸಾಕಲ್ಲ. ಪಬ್ಲಿಷ್ ಕರೆದ್ಮೇಲೆ ರಿಸಲ್ಟ್‌ಗೆ ಕಾಯ್ತಿದೀಯಾ? ಅದು ಫ್ಯೂಚರ್ (ರಿಸಲ್ಟ್ ಆಮೇಲೆ ಕೇಳ್ಕೊಳೋ ಚೀಟಿ ಇದ್ದಂಗೆ) ಕೊಡ್ತದೆ ಅಷ್ಟೆ, ಹೋಗಿಲ್ಲ ಅಂತ ರಿಸಲ್ಟ್ ಕೇಳಿದ್ರೇನೆ ಹೇಳೋದು.

ಪಾಂಡವಪುರ_ಪೈಥಾನ್:
ಕಾಯ್ತಿವ್ನಿ ಅಣ್ಣ. ಕಾಣೆಯಾದ ಐಡಿಗಳು ನನ್ ಸ್ಕ್ರಿಪ್ಟಿನ ಲಾಗಲ್ಲೇ ಇಲ್ಲ. 1040 ಅದೆ, 1042 ಅದೆ, 1041 ಇಲ್ಲ. ಟೇಬಲ್‌ನಲ್ಲಿ ನೋಡುದ್ರೆ 1041 ಕಣ್ಮುಂದೆ ಕೂತದೆ.

ಒಂಟಿಕೊಪ್ಪಲ್_ಡಿಬಿಎ:
ಹಾಗಾದ್ರೆ ಪಬ್‌ಸಬ್ಬಿಂದೇನೂ ತಪ್ಪಿಲ್ಲ, ನೆಟ್ಟಿಂದು ಅರ್ಧ ತಪ್ಪು. ಸೀಕ್ವೆನ್ಸ್ (ಸಾಲಾಗಿ ನಂಬರ್ ಹಂಚೋದು) ಐಡಿ ಕೊಡೋದು ರೋ ಇನ್ಸರ್ಟ್ ಆದಾಗ, ಬೇರೆಯವ್ರಿಗೆ ಆ ರೋ ಕಾಣೋದು ಕಮಿಟ್ (ಟ್ರಾನ್ಸಾಕ್ಷನ್ ಖಾಯಂ) ಆದ್ಮೇಲೆ. ಡೈರಿ ಕ್ಯೂ ಲೆಕ್ಕದಲ್ಲೇ ಹೇಳ್ತೀನಿ, 41ನೇ ಟೋಕನ್ ತಗೊಂಡೋನು ಬೀಡಿ ಹಚ್ಚೋಕೆ ಆಚೆ ಹೋದ, 42ನೋನು ಹಾಲು ಹಾಕಿ ಹೋಗ್ಬಿಟ್ಟ, ನಿಮ್ ಸ್ಕ್ರಿಪ್ಟು "42 ಆಯ್ತು, ಇನ್ನು 43" ಅಂತ ಮುಂದಕ್ಕೆ ಹೋಯ್ತು. 41ನೋನು ವಾಪಸ್ ಬಂದ್ರೆ ಅವ್ನನ್ನ ಕೇಳೋರೇ ಇಲ್ಲ. ಆ ಊರಿನ ಕಂಪ್ಯೂಟರು ಬಿಗಿನ್ (ಟ್ರಾನ್ಸಾಕ್ಷನ್ ಶುರು) ಹೇಳಿ, ಇನ್ಸರ್ಟ್ ಕಳ್ಸಿ, ನಿಧಾನದ ನೆಟ್ಟಲ್ಲಿ ಕಮಿಟ್ ತಲುಪೋಷ್ಟ್ರಲ್ಲಿ ಎರಡು ಸೆಕೆಂಡ್ ಆಗಿರುತ್ತೆ, ಅಷ್ಟ್ರಲ್ಲಿ ಬೇರೆ ಡೈರಿಯೋರು ಮುಂದಿನ ಐಡಿ ತಗೊಂಡು ಕಮಿಟ್ ಮಾಡಿರ್ತಾರೆ. ಸಂಜೆ ಜನ ಕಮ್ಮಿ ಅಂತ ಆಗಲ್ಲ.

ನನ್ ಮಾತು ನಂಬ್ಬೇಡಿ, ಎರಡು ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡೋ ಟೂಲ್) ವಿಂಡೋ ತೆಗೀರಿ. ಮೊದಲ್ನೇದ್ರಲ್ಲಿ ಬಿಗಿನ್ ಹೊಡ್ದು ಒಂದು ಇನ್ಸರ್ಟ್ ಮಾಡಿ ಹಾಗೇ ಬಿಡಿ, ಎರಡ್ನೇದ್ರಲ್ಲಿ ಇನ್ಸರ್ಟ್ ಮಾಡಿ ಕಮಿಟ್ ಮಾಡಿ, ಸ್ಕ್ರಿಪ್ಟ್ ಒಂದ್ಸಲ ಓಡ್ಲಿ, ಆಮೇಲೆ ಮೊದಲ್ನೇದನ್ನ ಕಮಿಟ್ ಮಾಡಿ.

ಪಾಂಡವಪುರ_ಪೈಥಾನ್:
ಅಯ್ಯೋ ಸಿವ್ನೆ, ಮೊದಲ್ನೇ ಸಲಕ್ಕೇ ಕಾಣೆ ಆಯ್ತು! ಮೂರು ವಾರದಿಂದ ಆ ಊರಿನ ಮೋಡೆಮ್ ಬೈತಿದ್ದೆ. ಐಡಿ ಬುಟ್ಟು ಟೈಮ್ ಕಾಲಂ ಇಟ್ಕಂಡ್ರೆ ಸರಿ ಹೋಯ್ತದಾ ಸಾರ್?

ಒಂಟಿಕೊಪ್ಪಲ್_ಡಿಬಿಎ:
ಇಲ್ಲ. ಪೋಸ್ಟ್‌ಗ್ರೆಸ್ಸಲ್ಲಿ ನೌ ಫಂಕ್ಷನ್ ಕೊಡೋದು ಟ್ರಾನ್ಸಾಕ್ಷನ್ ಶುರುವಾದ ಹೊತ್ತನ್ನ, ಅದೇ ಗುಂಡಿಗೆ ಬೀಳ್ತೀರ. ಪಬ್ಲಿಷ್ಡ್ ಅಟ್ ಅಂತ ಒಂದು ಕಾಲಂ ಹಾಕಿ, ಅದು ನಲ್ (ಖಾಲಿ) ಇರೋ ರೋಗಳನ್ನ 50ರಂತೆ ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್ ಜೊತೆ ತೆಗೀರಿ (ತೆಗೆದ ರೋಗೆ ಬೀಗ ಹಾಕಿ, ಬೇರೆಯವ್ರು ಬೀಗ ಹಾಕಿರೋದನ್ನ ಬಿಟ್ಟು ಮುಂದೆ ಹೋಗೋದು, ಪೋಸ್ಟ್‌ಗ್ರೆಸ್ 9.5ರಿಂದ ಇದೆ), ಪಬ್ಲಿಷ್ ಮಾಡಿ, ರಿಸಲ್ಟ್ ಬಂದ್ಮೇಲೆ ಟೈಮ್ ತುಂಬಿಸಿ ಕಮಿಟ್ ಮಾಡಿ. ತಡವಾಗಿ ಬಂದ 41 ಮುಂದಿನ ಸುತ್ತಲ್ಲಿ ಸಿಗುತ್ತೆ. ನಲ್ ಇರೋವಕ್ಕೆ ಮಾತ್ರ ಪಾರ್ಷಿಯಲ್ ಇಂಡೆಕ್ಸ್ (ಆ ರೋಗಳಿಗಷ್ಟೇ ಹುಡುಕೋ ಪಟ್ಟಿ) ಹಾಕಿ, ಟೇಬಲ್ ಬೆಳೆದ್ರೂ ಭಾರ ಆಗಲ್ಲ.

ಮದ್ದೂರ್‌ವಡೆ:
ಇಷ್ಟೆಲ್ಲಾ ಯಾಕೆ, ಡೆಬೀಜಿಯಂ (ಡೇಟಾಬೇಸ್ ಬದಲಾವಣೆ ಹಿಡ್ದು ಕಳ್ಸೋ ಟೂಲು) ಹಾಕ್ಬುಡಿ, ವಾಲ್ (ಪೋಸ್ಟ್‌ಗ್ರೆಸ್ ಬದಲಾವಣೆಗಳನ್ನ ಬರ್ದಿಡೋ ಲಾಗು) ಓದಿ ಕಮಿಟ್ ಆದ ಆರ್ಡರಲ್ಲೇ ಕೊಡ್ತದೆ.

ಒಂಟಿಕೊಪ್ಪಲ್_ಡಿಬಿಎ:
ಕೊಡುತ್ತೆ, ಒಳ್ಳೇದೇ. ಆದ್ರೆ ಡೆಬೀಜಿಯಂ ನಿಂತೋದ್ರೆ ರೆಪ್ಲಿಕೇಶನ್ ಸ್ಲಾಟ್ (ಅದು ಎಲ್ಲೀವರ್ಗೂ ಓದಿದೆ ಅನ್ನೋ ಗುರುತು) ವಾಲ್ ಫೈಲ್‌ಗಳನ್ನ ಅಳಿಸೋಕೆ ಬಿಡಲ್ಲ, ಒಂದೊಂದು 16 ಎಂಬಿ, ಡಿಸ್ಕ್ ತುಂಬಿ ಡೇಟಾಬೇಸೇ ಮಲಗುತ್ತೆ. ಪೋಸ್ಟ್‌ಗ್ರೆಸ್ 13ನೇ ವರ್ಷನ್ನಿಂದ ಮಿತಿ ಹಾಕೋ ಸೆಟಿಂಗ್ ಇದೆ, ಡೀಫಾಲ್ಟ್ ಮಾತ್ರ ಮಿತಿ ಇಲ್ಲ ಅಂತಲೇ. ರಾತ್ರಿ ನೋಡ್ಕೊಳೋರು ಯಾರೂ ಇಲ್ದಿರೋ 11 ಡೈರಿ ಲೆಕ್ಕಕ್ಕೆ ನಾನಂತೂ ಹಾಕಲ್ಲ.

ಇನ್ನೊಂದು, ಮರೀಬೇಡಿ. ಹೊಸ ಕಾಲಂ ಹಾಕಿದ ತಕ್ಷಣ ಹಳೇ ರೋಗಳೂ ನಲ್ಲೇ ಆಗಿರ್ತವೆ. ಸ್ಕ್ರಿಪ್ಟ್ ಶುರು ಮಾಡೋಕ್ ಮುಂಚೆ ಅವಕ್ಕೆಲ್ಲಾ ಟೈಮ್ ತುಂಬಿಸಿ, ಇಲ್ದಿದ್ರೆ ಹೋದ್ ವರ್ಷದ ಹಾಲಿಗೆಲ್ಲಾ ಇವತ್ತು ಮೆಸೇಜ್ ಹೋಗುತ್ತೆ.

ಪಾಂಡವಪುರ_ಪೈಥಾನ್:
ಸಾರ್ ನೀವು ಹೇಳ್ದೆ ಇದ್ದಿದ್ರೆ ಹಂಗೇ ಮಾಡ್ಬುಡ್ತಿದ್ದೆ, ಕೈ ಎಂಟರ್ ಮೇಲೇ ಇತ್ತು.

ಹಾಕಿ ನಾಲ್ಕು ದಿನ ಆಯ್ತು, ಒಂದೂ ಕಾಣೆ ಇಲ್ಲ. ಆದ್ರೆ ಇವತ್ತು ಇಬ್ರಿಗೆ ಒಂದೇ ಮೆಸೇಜ್ ಎರಡೆರಡ್ ಸಲ ಹೋಗದೆ.

ಮದ್ದೂರ್‌ವಡೆ:
ಇದು ಮಾತ್ರ ನನ್ ಏರಿಯಾ. ಪಬ್‌ಸಬ್ಬು ಕೊಡೋದು ಒಂದ್ಸಲಕ್ಕೆ ಕಮ್ಮಿ ಇಲ್ದಂಗೆ, ಹೆಚ್ಚು ಕೊಡಲ್ಲ ಅಂತೇನಿಲ್ಲ. ಆಕ್ ಡೆಡ್‌ಲೈನ್ ಡೀಫಾಲ್ಟ್ 10 ಸೆಕೆಂಡು. ನೀನು ಎಸ್ಸೆಮ್ಮೆಸ್ ಗೇಟ್‌ವೇ ಉತ್ತರ ಬರೋವರ್ಗೂ ಪುಷ್‌ಗೆ 200 (ಸರಿಯಾಗಿ ಸಿಕ್ತು ಅನ್ನೋ ಕೋಡು) ಕೊಡ್ದೇ ಕೂತಿರ್ತೀಯ, ಅದು ಹನ್ನೆರಡು ಸೆಕೆಂಡ್ ತಗೊಂಡ್ರೆ ಪಬ್‌ಸಬ್ ಮತ್ತೆ ಕಳಿಸ್ತದೆ. ಡೆಡ್‌ಲೈನ್ 60 ಮಾಡು, 600ರ ತನಕ ಬುಡ್ತದೆ. ಅಷ್ಟು ಸಾಲ್ದು, ಔಟ್‌ಬಾಕ್ಸ್ ಐಡಿನ ಮೆಸೇಜ್ ಜೊತೆ ಆಟ್ರಿಬ್ಯೂಟಾಗಿ ಕಳ್ಸು, ಎಸ್ಸೆಮ್ಮೆಸ್ ಕಡೆ ಒಂದು ಟೇಬಲ್‌ನಲ್ಲಿ ಆ ಐಡಿಗೆ ಯೂನಿಕ್ (ಒಂದೇ ಐಡಿ ಎರಡ್ಸಲ ಸೇರ್ದಂಗೆ) ಹಾಕು, ಮೊದ್ಲೇ ಇದ್ರೆ ಸುಮ್ನೆ 200 ಕೊಟ್ಟು ಕಳಿಸ್ಬುಡು. ನಿನ್ ಸ್ಕ್ರಿಪ್ಟು ಪಬ್ಲಿಷ್ ಮಾಡಿ ಕಮಿಟ್‌ಗೆ ಮುಂಚೆ ಸತ್ರೂ ಇದೇ ಕಾಪಾಡೋದು.

ಪಾಂಡವಪುರ_ಪೈಥಾನ್:
ಎರಡೂ ಮಾಡ್ದೆ, ಒಂದು ವಾರದಿಂದ ಸರಿಯಾಗದೆ. ಹಳೇ ಕಾಣೆಯಾದವು ಎಸ್ಸೆಮ್ಮೆಸ್ ಲಾಗ್ ಜೊತೆ ತಾಳೆ ಹಾಕಿದ್ರೆ 38 ಸಿಕ್ಕುದ್ವು, ಮೆಸೇಜ್ ಕಳ್ಸೋ ಬದ್ಲು ಪಟ್ಟಿ ಪ್ರಿಂಟ್ ಹಾಕಿ ಸೆಕ್ರೆಟ್ರಿಗಳ ಕೈಗೆ ಕೊಟ್ಟಿವ್ನಿ. ಅಜ್ಜಿದು ಅದ್ರಲ್ಲಿ ಐದು ಇತ್ತು, ದುಡ್ಡು ಮಾತ್ರ ಒಂದು ರೂಪಾಯೂ ತಪ್ಪಿರ್ಲಿಲ್ಲ, ಆದ್ರೂ ಅವ್ರು ಈಗ್ಲೂ ಮೆಸೇಜ್ ಬರೋವರ್ಗೂ ಕ್ಯಾನ್ ಎತ್ಕೊಂಡು ಅಲ್ಲೇ ನಿಂತಿರ್ತಾರಂತೆ.