ತಪ್ಪೊಪ್ಪಿಕೊಳ್ಳುವುದು ಕೆಲವರಿಗೆ ಏಕೆ ಅಷ್ಟು ಕಷ್ಟ?

ಪ್ರಶ್ನೆ:
ನನ್ನ ಅಣ್ಣನ ಮಾತಿನಿಂದ ಯಾರಾದರೂ ನೊಂದರೆ, ನೊಂದವರದೇ ತಪ್ಪೆಂದು ಅವನು ಸಾಧಿಸುತ್ತಾನೆ. ಅವನೇ ಬರೆದ ಸಂದೇಶವನ್ನು ಮುಂದಿಟ್ಟಾಗಲೂ, ಹಾಗೆ ಬರೆಯುವಂತೆ ಮಾಡಿದವಳು ನೀನೇ ಎಂದು ನನ್ನ ಮೇಲೆ ತಿರುಗಿಬಿದ್ದ. ಅವನು ದಡ್ಡನಲ್ಲ, ಬೇರೆಯವರ ಹುಳುಕನ್ನು ಒಂದೇ ನೋಟಕ್ಕೆ ಗುರುತಿಸಬಲ್ಲ. ಅಂಥವನಿಗೆ ತನ್ನನ್ನು ತಾನು ನೋಡಿಕೊಳ್ಳಲು ಏಕೆ ಆಗುವುದಿಲ್ಲ? ಆತ್ಮರತಿಯ, ಅಂದರೆ ತಾನೇ ಎಲ್ಲರಿಗಿಂತ ಮೇಲು ಎಂದುಕೊಳ್ಳುವ (ನಾರ್ಸಿಸಿಸ್ಟ್) ಸ್ವಭಾವದವರು ಬದಲಾಗುವುದೇ ಇಲ್ಲವೇ?

ಉತ್ತರ 1:
ನಾನು ಆಪ್ತಸಮಾಲೋಚಕಿ. ನಿಮ್ಮ ಅಣ್ಣನನ್ನು ನೋಡದೆ ಅವರಿಗೆ ಹೆಸರಿಡಲಾರೆ. ಆತ್ಮರತಿಯ ವ್ಯಕ್ತಿತ್ವ ದೋಷವು 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಮಾನಸಿಕ ಕಾಯಿಲೆಗಳ ಕೈಪಿಡಿಯನ್ನು ಸೇರಿತು; ಅದರ ಈಗಿನ ಆವೃತ್ತಿಯ ಪ್ರಕಾರ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. ಅಷ್ಟು ಲಕ್ಷಣಗಳಿಲ್ಲದವರಲ್ಲಿಯೂ ಈ ಸ್ವಭಾವ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇರಬಹುದು.

ನಿಮ್ಮ ಪ್ರಶ್ನೆಗೆ ಉತ್ತರ ಬುದ್ಧಿಯಲ್ಲಿಲ್ಲ, ನಾಚಿಕೆಯಲ್ಲಿದೆ. ‘ನಾನು ತಪ್ಪು ಮಾಡಿದೆ’ ಎನ್ನುವುದು ಪಶ್ಚಾತ್ತಾಪ. ‘ನಾನೇ ತಪ್ಪು’ ಎನ್ನುವುದು ನಾಚಿಕೆ. ಮೊದಲನೆಯದರಲ್ಲಿ ಕ್ಷಮೆ ಕೇಳಲು, ಸರಿಪಡಿಸಲು ದಾರಿಯಿದೆ. ಎರಡನೆಯದರಲ್ಲಿ ಅಡಗಿಕೊಳ್ಳುವುದು ಇಲ್ಲವೇ ಎದುರಿನವರ ಮೇಲೆ ಎರಗುವುದು ಮಾತ್ರ ಉಳಿಯುತ್ತದೆ. ತನ್ನ ಬೆಲೆಯೆಲ್ಲ ತಾನು ಇತರರಿಗಿಂತ ಮೇಲು ಎಂಬ ಒಂದೇ ನಂಬಿಕೆಯ ಮೇಲೆ ನಿಂತಿರುವವನಿಗೆ ಸಣ್ಣ ತಪ್ಪನ್ನು ಒಪ್ಪಿಕೊಳ್ಳುವುದೂ ಇಡೀ ಮನೆಯ ಆಧಾರಕಂಬವನ್ನು ಕಿತ್ತಂತೆ ಅನಿಸುತ್ತದೆ. ನೀವು ತೋರಿಸಿದ ಸಂದೇಶ ನಿಮಗೆ ಸಾಕ್ಷಿಯಾಗಿತ್ತು. ಅವರಿಗೆ ಅದು ಆಕ್ರಮಣವಾಗಿ ಕಂಡಿರಬೇಕು.

ಇನ್ನೊಂದು ತೊಡಕೂ ಇದೆ. ಆತಂಕದಿಂದ ಬಳಲುವವರು ಅದು ತೊಲಗಲಿ ಎಂದು ಬಯಸುತ್ತಾರೆ, ಆದರೆ ಈ ಸ್ವಭಾವ ಇರುವವರಿಗೆ ಅದು ಕಾಯಿಲೆ ಅನಿಸುವುದಿಲ್ಲ, ತಾನು ಇರುವುದೇ ಹೀಗೆ ಅನಿಸುತ್ತದೆ. ಆದ್ದರಿಂದ ಅವರು ನಮ್ಮ ಬಳಿ ಬರುವುದು ಹೆಚ್ಚಾಗಿ ಖಿನ್ನತೆಗಾಗಿ, ಅಥವಾ ಸಂಗಾತಿಯ ಒತ್ತಾಯಕ್ಕಾಗಿ. ಬಂದವರಲ್ಲಿಯೂ ಹಲವರು ಮೊದಲ ಕಹಿಮಾತಿಗೇ ಎದ್ದು ಹೋಗುತ್ತಾರೆ.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಇಂಥವರೆಲ್ಲರ ಒಳಗೂ ನಾಚಿಕೆಯ ಗಾಯವೇ ಇದೆ ಎನ್ನಲಾಗದು. 2015ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ತಮ್ಮ ಮಗು ಉಳಿದ ಮಕ್ಕಳಿಗಿಂತ ವಿಶೇಷ ಎಂದು ಹೆತ್ತವರು ಭಾವಿಸಿದ್ದಲ್ಲಿ ಮಕ್ಕಳ ಆತ್ಮರತಿ ಮುಂದೆ ಹೆಚ್ಚಾಗುವುದು ಕಂಡುಬಂತು. ಪ್ರೀತಿಯ ಕೊರತೆ ಅದಕ್ಕೆ ಕಾರಣವಾಗಿ ಕಾಣಲಿಲ್ಲ. ಬೆಚ್ಚಗಿನ ಪ್ರೀತಿ ಬೆಳೆಸಿದ್ದು ಆರೋಗ್ಯಕರ ಆತ್ಮಗೌರವವನ್ನು.

ಉತ್ತರ 3:
ನಾನು ಬಹುಕಾಲ ನಿಮ್ಮ ಅಣ್ಣನಂತೆಯೇ ಇದ್ದೆ. ಹೆಂಡತಿ ಅತ್ತಾಗ ನನಗೆ ಕೇಳಿಸುತ್ತಿದ್ದುದು ಅವಳ ನೋವಲ್ಲ, ನನ್ನ ಮೇಲಿನ ಆರೋಪ. ಅವಳು ಮನೆ ಬಿಟ್ಟ ಮೇಲೆ, ವಾದಿಸಲು ಯಾರೂ ಉಳಿಯದ ಮೇಲೆ ಚಿಕಿತ್ಸೆಗೆ ಹೋದೆ, ಎರಡು ಬಾರಿ ನಡುವೆಯೇ ಬಿಟ್ಟೆ. ಮೂರನೆಯ ಬಾರಿ ಚಿಕಿತ್ಸಕರು ನನ್ನನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ‘ಆ ಕ್ಷಣ ಎದೆಯಲ್ಲಿ ಏನಾಯಿತು?’ ಎಂದಷ್ಟೇ ಮತ್ತೆ ಮತ್ತೆ ಕೇಳಿದರು. ಭಯವಾಯಿತು ಎಂದು ಹೇಳಲು ನನಗೆ ಏಳು ತಿಂಗಳು ಬೇಕಾಯಿತು. ಈಗಲೂ ಟೀಕೆ ಕೇಳಿದರೆ ಮೊದಲು ಏಳುವುದು ಸಿಟ್ಟೇ. ಆದರೆ ಉತ್ತರಿಸುವ ಮುನ್ನ ಒಂದು ದಿನ ಕಾಯುವುದನ್ನು ಕಲಿತಿದ್ದೇನೆ. ನನ್ನನ್ನು ಯಾರ ಸಾಕ್ಷ್ಯವೂ ಬದಲಿಸಲಿಲ್ಲ. ಹಾಗೆಂದು ಅಣ್ಣ ಬದಲಾಗುವವರೆಗೆ ನೀವು ಆ ಮಾತುಗಳನ್ನು ಸಹಿಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದ. ಇನ್ನು ಸಂದೇಶಗಳನ್ನು ಅವನ ಮುಂದಿಡುವುದಿಲ್ಲ. ಮಾತು ಒರಟಾದರೆ ಫೋನ್ ಇಡುತ್ತೇನೆ, ಮರುದಿನ ನಾನೇ ಕರೆ ಮಾಡುತ್ತೇನೆ.