ದೋಣಿಯಲ್ಲಿ ದಿನಾ ಮಾತ್ರೆ, ಇಂಜೆಕ್ಷನ್ ಆಗುತ್ತಾ?

ಪ್ರಶ್ನೆ, ಕಾರವಾರದಿಂದ:
ನನ್ನ ತಮ್ಮ ಬೈತಖೋಲ ಬಂದರಿನಿಂದ ಟ್ರಾಲರ್‌ಗೆ ಹೋಗುತ್ತಾನೆ. ಹೊರಟರೆ ಎಂಟು ಹತ್ತು ದಿನ. ಎಚ್‌ಐವಿ ಗೊತ್ತಾಗಿ ಆರು ವರ್ಷ. ಮಾತ್ರೆಯನ್ನು ಬೀಡಿ ಡಬ್ಬಿಯಲ್ಲಿಟ್ಟು, ಎಲ್ಲರೂ ಮಲಗಿದ ಮೇಲೆ ನುಂಗುತ್ತಾನೆ. ಹೋದ ತಿಂಗಳು ಅಲೆ ಹೊಡೆದು ಡಬ್ಬಿ ಒದ್ದೆಯಾಯಿತು. ನಾಲ್ಕು ದಿನ ಮಾತ್ರೆ ಇಲ್ಲ. ಕೇಳಿ ನನ್ನ ಎದೆ ಒಡೆದುಹೋಯಿತು. ಆರು ತಿಂಗಳಿಗೊಂದು ಇಂಜೆಕ್ಷನ್ ಬಂದಿದೆಯಂತೆ, ಅವನಿಗೆ ಆಗುತ್ತಾ?

ಉತ್ತರ, ಶಿರಸಿಯಿಂದ:
ಅದು ಲೆನಕಾಪವಿರ್. ವೈರಸ್‌ನ ಜೀನ್‌ಗಳನ್ನು ಸುತ್ತಿರುವ ಚಿಪ್ಪಿಗೇ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ. 2022ರಲ್ಲಿ ಅಮೆರಿಕ ಒಪ್ಪಿದ್ದು ಹಳೆಯ ಔಷಧಗಳು ಹಿಡಿಯದವರಿಗೆ, ಅದೂ ಬೇರೆ ಔಷಧಗಳ ಜೊತೆಗೆ. 2025ರ ಒಪ್ಪಿಗೆ ಸೋಂಕು ಇಲ್ಲದವರಿಗೆ, ತಡೆಯಲು. ಸುದ್ದಿಯಲ್ಲಿ ಎರಡೂ ಕಲಸಿಹೋಗುತ್ತವೆ. ಅದೊಂದನ್ನೇ ನಂಬಿ ಮಾತ್ರೆ ಬಿಡುವ ಹಾಗಿಲ್ಲ.

ಉತ್ತರ, ಕುಮಟಾದಿಂದ:
ಎರಡು ತಿಂಗಳಿಗೊಮ್ಮೆ ಕೊಡುವ ಜೋಡಿ ಇಂಜೆಕ್ಷನ್ ಇದೆ, ಕ್ಯಾಬೊಟೆಗ್ರವಿರ್ ಮತ್ತು ರಿಲ್ಪಿವಿರಿನ್. ಆದರೆ ಅದು ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕನ್ನು ತಡೆಯುವುದಿಲ್ಲ. ಈಗಿನ ಮಾತ್ರೆಯಲ್ಲಿರುವ ಟೆನೊಫೊವಿರ್ ಅದನ್ನೂ ಹಿಡಿದಿಡುತ್ತದೆ. ಮೊದಲು ನಾಲ್ಕು ದಿನ ತಪ್ಪಿದ್ದನ್ನು ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಮುಚ್ಚಿಡದೆ ಹೇಳಲಿ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆ ಕೇಳಲಿ. ಬೈಯುತ್ತಾರೆ ಅಂತ ಸುಮ್ನೆ ಇರಬಾರದು ಅಲ್ವಾ?

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಸೋಮವಾರ ದೋಣಿ ದಡಕ್ಕೆ ಬರುತ್ತದೆ, ನಾನೇ ಜೊತೆಗೆ ಹೋಗುತ್ತೇನೆ. ನೀರು ಹೋಗದ ಎರಡು ಡಬ್ಬಿ ತಂದಿಟ್ಟಿದ್ದೇನೆ.